ಬಲಗಿವಿಯ ಹಿಂದೆ

ಫೆಬ್ರವರಿ 3, ಸೋಮವಾರ

ಸೋಮವಾರ ಪಾರ್ಲರಿಗೆ ರಜೆ. ಕೈಗೆ ಕೆಲಸವಿಲ್ಲದಿದ್ದರೆ ನನ್ನ ಬಾಯಿ ಅತ್ತೆಯ ಮೇಲೆ ಹೋಗುತ್ತದೆ, ಅವರ ಬಾಯಿ ನನ್ನ ಮೇಲೆ ಬರುತ್ತದೆ. ಅದಕ್ಕಿಂತ ಬರೆಯುವುದು ವಾಸಿ ಎಂದು ಅಪಾಯಿಂಟ್‌ಮೆಂಟ್ ಪುಸ್ತಕವನ್ನು ತಿರುವಿ ಹಾಕಿ ಹಿಂದಿನಿಂದ ಶುರುಮಾಡಿದ್ದೇನೆ. ಮುಂದಿನಿಂದ ಊರ ಹೆಂಗಸರ ತಲೆಗಳು, ಹಿಂದಿನಿಂದ ನನ್ನ ತಲೆ.

ಇವತ್ತು ಜಡೆ ಬಂದಿದ್ದಳು. ಜಡೆ ಅಂದರೆ ನನ್ನ ಗೆಳತಿ. ಶಾಲೆಯಲ್ಲಿ ಅವಳು ಕೂತರೆ ಜಡೆಯೂ ಬೆಂಚಿನ ಮೇಲೆ ಕೂರುತ್ತಿತ್ತು, ಅಷ್ಟುದ್ದ. ದಿನಾ ಮಧ್ಯಾಹ್ನ ಅದನ್ನು ಬಿಚ್ಚಿ ಹೆಣೆಯುತ್ತಿದ್ದವಳು ನಾನು, ಹಾಗಾಗಿ ನಾನು ಬಾಚಣಿಗೆ. "ಎರಡು ಜಡೆ ಒಂದ್ಕಡೆ ಸೇರಲ್ಲ ಅಂತಾರೆ, ಇವ್ರಿಬ್ರನ್ನ ನೋಡಿದ್ರೆ ಗಾದೇನೇ ಸುಳ್ಳು" ಎಂದು ಮೇಷ್ಟ್ರು ನಗುತ್ತಿದ್ದರು. ಈಗ ಅವಳ ಗಂಡ ಪಕ್ಷದ ನಾಯಕರು. ಮೇ ತಿಂಗಳಲ್ಲಿ ಚುನಾವಣೆ, ಗೆದ್ದರೆ ದೊಡ್ಡ ಕುರ್ಚಿ. ಅವಳು ಮಾತ್ರ ಸೋಮವಾರ ಹಿತ್ತಲ ಬಾಗಿಲಿನಿಂದ ಬಂದು, ಸೀಟು ಹರಿದ ನನ್ನ ಹಳೆಯ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿಕೊಳ್ಳುತ್ತಾಳೆ. ಇಪ್ಪತ್ತೆಂಟು ವರ್ಷದಿಂದ ಹೀಗೆಯೇ. ನಾನು ದುಡ್ಡು ಮುಟ್ಟಿಲ್ಲ, ಅವಳು ಕೊಟ್ಟೂ ಇಲ್ಲ. ಒಂದು ಪೊಟ್ಟಣ ಬಿಸ್ಕತ್ತು ತರುತ್ತಾಳೆ, ಅದನ್ನು ಅತ್ತೆ ತಿನ್ನುತ್ತಾರೆ.

ಇವತ್ತು ಕಣ್ಣು ಮುಚ್ಚಲಿಲ್ಲ. "ಬಾಚಣಿಗೆ, ಇನ್ಮುಂದೆ ನನ್ನ ತಲೆ ಖರ್ಚೆಲ್ಲ ಪಕ್ಷದ್ದಂತೆ," ಅಂದಳು. ಪೋಸ್ಟರಿನಲ್ಲಿ ಗಂಡನ ಪಕ್ಕ ಅವಳೂ ಇರಬೇಕಂತೆ. ಕೂದಲು, ಮುಖ, ಉಗುರು, ಎಲ್ಲ ವಾರಕ್ಕೆರಡು ಸಲ.

"ಅಯ್ಯೋ, ಸಿಗೋದನ್ನ ಬೇಡ ಅನ್ನಬಾರ್ದು ಕಣೇ. ನಂಗೂ ಒಂದು ಹೊಸ ಕುರ್ಚಿ ಬರುತ್ತೆ," ಅಂದೆ.

ಅತ್ತೆ ಒಳಗಿನಿಂದಲೇ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದರು. ಪಕ್ಷಕ್ಕೆ ಅಂದರೋ ನನಗೆ ಅಂದರೋ ಗೊತ್ತಾಗಲಿಲ್ಲ.

ಫೆಬ್ರವರಿ 10, ಸೋಮವಾರ

ಪಕ್ಷದ ಕಚೇರಿಯಿಂದ ಒಬ್ಬರು ಬಂದಿದ್ದರು. ಕಂಕುಳಲ್ಲಿ ಫೈಲು. ಚಹಾ ಕುಡಿಯುವಾಗಲೂ ಅದನ್ನು ಕೆಳಗಿಡಲಿಲ್ಲ. ಅವರಿಗೆ ಫೈಲು ಎಂದೇ ಹೆಸರಿಟ್ಟಿದ್ದೇನೆ. ತಿಂಗಳಿಗೊಮ್ಮೆ ಬಿಲ್ಲು ಕೊಡಬೇಕು, ಚೆಕ್ಕು ಬರುತ್ತದೆ. "ಮೇಡಮ್ಮೋರ ಮನೆಗೇ ಹೋಗಿ ಮಾಡ್ಬೇಕು, ಕಾರು ಕಳಿಸ್ತೀವಿ" ಎಂದರು. ಮೇಡಮ್ಮೋರು ಅಂದರೆ ಯಾರೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು.

ಇವತ್ತು ಮೊದಲ ಸಲ ಅವಳ ಮನೆಯಲ್ಲೇ ಮಾಡಿದೆ. ಬಾಗಿಲು ಹಾಕಿಕೊಂಡು ಮಾಡಿದೆ, ಯಾಕೆಂದರೆ ಆ ಜಾಗವನ್ನು ನೋಡಿದವಳು ನಾನೊಬ್ಬಳೇ. ಬಲಗಿವಿಯ ಹಿಂದೆ. ಆರು ವರ್ಷದ ಹಿಂದೆ ಗಂಡ ಮೊದಲ ಸಲ ಚುನಾವಣೆಗೆ ನಿಂತಾಗ ಶುರುವಾದದ್ದು. ಸಾವಿರಾರು ಜನರ ಮುಂದೆ ಮೂರು ಮೂರು ಗಂಟೆ ನಗುತ್ತಾ ಕೂತು ಮನೆಗೆ ಬಂದರೆ ಅವಳ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಒಂದೊಂದೇ ಕೂದಲು ಕೀಳುತ್ತಾಳೆ. "ಕಿತ್ತಾಗ ಒಂದು ಗಳಿಗೆ ಸಮಾಧಾನ ಕಣೇ, ಆಮೇಲೆ ನನ್ ಮೇಲೆ ನಂಗೇ ಹೇಸಿಗೆ," ಎಂದು ಒಮ್ಮೆ ಹೇಳಿದ್ದಳು. ಬೇರೆ ಊರಿಗೆ ಹೋಗಿ, ಬೇರೆ ಹೆಸರು ಹೇಳಿ ಡಾಕ್ಟರಿಗೆ ತೋರಿಸಿದ್ದಾಳೆ. ಅದೊಂದು ಕಾಯಿಲೆ, ನಾಚಿಕೆಪಡಬೇಡಿ ಎಂದರಂತೆ.

ಗಂಡನಿಗೆ ಗೊತ್ತಿಲ್ಲ. ಯಾರೋ ಕಾರ್ಯಕರ್ತನ ಹೆಂಡತಿ ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಾಳೆಂದು ಕೇಳಿ ಆತ ಊಟದ ಮೇಜಿನಲ್ಲಿ "ಹುಚ್ಚಿ" ಎಂದು ನಕ್ಕಿದ್ದನಂತೆ. ಅಂದಿನಿಂದ ಜಡೆ ಬಲಮಗ್ಗುಲಾಗಿಯೇ ಮಲಗುತ್ತಾಳೆ. ನಾನು ಅವಳದೇ ಬಣ್ಣದ ಕೂದಲು ಹುಡುಕಿ, ಬಲೆಗೆ ಹೊಲಿದು, ಸಣ್ಣ ತುಂಡು ಮಾಡಿಕೊಟ್ಟಿದ್ದೇನೆ. ಮೂರು ಕ್ಲಿಪ್ಪಿನಲ್ಲಿ ನಿಲ್ಲುತ್ತದೆ. ಗಾಳಿಗೂ ಗೊತ್ತಾಗದು, ಗಂಡನಿಗೂ ಗೊತ್ತಾಗದು.

ಒಂದು ಕುರ್ಚಿಯ ಮಾತನ್ನು ಇನ್ನೊಂದು ಕುರ್ಚಿಗೆ ದಾಟಿಸಿದವಳಲ್ಲ ನಾನು. ಈ ಕಸುಬಿನಲ್ಲಿ ಕತ್ತರಿಗಿಂತ ಬಾಯಿ ಜೋಪಾನ.

ಫೆಬ್ರವರಿ 28, ಶುಕ್ರವಾರ

ಮೊದಲ ಬಿಲ್ಲು ವಾಪಸ್ ಬಂತು! "ಕೂದಲ ಕೆಲಸ, ಆರು ಸಲ" ಎಂದು ಬರೆದಿದ್ದೆ. ಅದರ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಪ್ರಶ್ನೆಚಿಹ್ನೆ. ಫೋನು ಮಾಡಿದರೆ ಫೈಲು, "ಕೂದಲ ಕೆಲಸ ಅಂದ್ರೆ ಏನಕ್ಕಾ? ಇಷ್ಟೊಂದು ಆಗುತ್ತಾ? ನಮ್ಮ ಮನೆಯೋರು ಕಾಲು ಭಾಗದಲ್ಲಿ ಮುಗಿಸ್ಕೊಂಡು ಬರ್ತಾರೆ. ವಿವರ ಬೇಕು, ವಿವರ. ಎಲ್ಲಿ, ಏನು, ಎಷ್ಟು ಸಲ" ಅಂದರು.

ನನ್ನ ಮೈ ಉರಿದುಹೋಯಿತು. ಗಂಡ ತೀರಿಕೊಂಡು ಎಂಟು ವರ್ಷ, ಒಬ್ಬಳೇ ಈ ಅಂಗಡಿ ನಡೆಸಿದ್ದೇನೆ, ಯಾರಿಂದಲೂ "ಜಾಸ್ತಿ ತಗೊಂಡ್ಲು" ಅನ್ನಿಸಿಕೊಂಡಿಲ್ಲ. ವಿವರ ಬೇಕೇ? ಕೊಡುತ್ತೇನೆ ಎಂದು ಕೂತೆ. ಒಂದೊಂದೇ ಸಾಲು. ಡೈ ಯಾವ ನಂಬರು, ಎಷ್ಟು ಟ್ಯೂಬು. ಮುಖಕ್ಕೆ ಏನು, ಉಗುರಿಗೆ ಏನು. "ಬಲಗಿವಿಯ ಹಿಂದೆ ಅಂಗೈ ಅಗಲದ ಬೋಳು ಜಾಗಕ್ಕೆ ಕೂದಲ ತುಂಡು ಹೊಲಿದು ಜೋಡಿಸಿದ್ದು, ಆರು ಸಲ, ಸುತ್ತಲಿನ ಕಿತ್ತ ಕೂದಲಿಗೆ ಎಣ್ಣೆ ಆರೈಕೆ, ಆರು ಸಲ." ಖರ್ಚೆಲ್ಲ ಅಲ್ಲೇ ಇರುವುದು. ಅದನ್ನು ಬಿಟ್ಟರೆ ಬಿಲ್ಲು ಕೂಡುವುದೇ ಇಲ್ಲ.

ಅತ್ತೆ ಕನ್ನಡಕ ಏರಿಸಿ ಓದಿದರು. "ಅಷ್ಟೆಲ್ಲ ಯಾಕೆ ಬರೀತೀಯೇ?"

"ಕಳ್ಳಿ ಅಂತ ನೋಡ್ತಾರಲ್ಲ ಅತ್ತೆ. ನನ್ ಬಿಲ್ಲಲ್ಲಿ ಒಂದಕ್ಷರ ಸುಳ್ಳಿಲ್ಲ ಅಂತ ಗೊತ್ತಾಗ್ಲಿ."

"ಅವ್ರಿಗೆ ಗೊತ್ತಾಗುತ್ತೆ ಬಿಡು," ಅಂದು ಕನ್ನಡಕ ತೆಗೆದಿಟ್ಟರು. ನಾನು ಕಾಗದ ಮಡಚಿ, ಅಂಟು ಹಚ್ಚಿ, ನಾನೇ ಹೋಗಿ ಕಚೇರಿಗೆ ಕೊಟ್ಟು ಬಂದೆ. ಮನಸ್ಸು ಹಗುರಾಯಿತು.

ಮಾರ್ಚ್ 12, ಬುಧವಾರ

ಚೆಕ್ಕು ಬಂತು. ಒಂದಕ್ಷರ ಪ್ರಶ್ನೆ ಇಲ್ಲ. ನೋಡಿದಿರಾ ಫೈಲು ಸಾಹೇಬರೇ!

ಹೊಸ ಕುರ್ಚಿ ಬಂದಿದೆ. ಕಾಲಿನಿಂದ ಒತ್ತಿದರೆ ಮೇಲೇಳುತ್ತದೆ, ಬಿಟ್ಟರೆ ನಿಟ್ಟುಸಿರುಬಿಟ್ಟು ಇಳಿಯುತ್ತದೆ. ಅತ್ತೆ ಎರಡು ಸಲ ಏರಿಳಿದರು. ಮೂರನೆಯ ಸಲ ನಾನು ಬೈದೆ.

ಮಾರ್ಚ್ 20, ಗುರುವಾರ

ಮೇಡಂ ಮನೆಯಲ್ಲಿ ಇವತ್ತು ಫೋಟೋ ತೆಗೆಯುವವರು ಆರು ಜನ. ಎಲ್ಲರೂ ಮೇಡಂ ಮೇಡಂ ಎನ್ನುವಾಗ ನಾನೊಬ್ಬಳು ಜಡೆ ಎನ್ನುವುದು ಚೆನ್ನಾಗಿರುವುದಿಲ್ಲ, ಹಾಗಾಗಿ ನಾನೂ "ಮೇಡಂ, ತಲೆ ಸ್ವಲ್ಪ ಎಡಕ್ಕೆ" ಅಂದೆ. ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ಅವರೆಲ್ಲ ಹೋದ ಮೇಲೆ, "ನೀನೂನಾ?" ಅಂದರು.

"ಜನರ ಮುಂದೆ ಅಷ್ಟೇ ಕಣೇ."

"ಈಗ ಯಾರೂ ಇಲ್ವಲ್ಲ, ಆದ್ರೂ ನಿಂತೇ ಇದೀಯ."

ಹೌದು, ನಿಂತೇ ಇದ್ದೆ. ಮೊದಲಾದರೆ ಕೆಲಸ ಮುಗಿದ ತಕ್ಷಣ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಆದರೆ ಕಾರು ಕಾಯುತ್ತಿತ್ತು, ಕಾಯಿಸಿದರೆ ಅದೂ ಪಕ್ಷದ ಖರ್ಚು. ಜಾಗ ಮೇಲಕ್ಕೆ ಹರಡಿದೆ. ಹೊಸ ತುಂಡು ಹೊಲಿಯಬೇಕು. ಬಿಲ್ಲಿಗೆ ಸೇರಿಸಬೇಕೆಂದು ನೆನಪಿಗೆ ಬರೆದಿಟ್ಟಿದ್ದೇನೆ.

"ಸೋಮವಾರ ನಿನ್ ಅಂಗ್ಡಿಗೇ ಬರ್ತೀನಿ, ಬಿಸ್ಕತ್ತು ತಗೊಂಡು" ಎಂದರು. ಭದ್ರತೆಯವರು ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಏಪ್ರಿಲ್ 2, ಬುಧವಾರ

ಏನು ಬರೆಯಲಿ.

ಬೆಳಿಗ್ಗೆ ಶಟರ್ ಎತ್ತುತ್ತಿದ್ದಾಗ ಪಕ್ಕದ ಅಂಗಡಿಯ ಟೈಲರಮ್ಮ ಪೇಪರು ಹಿಡಿದು ಬಂದಳು. ಎದುರು ಪಕ್ಷದವರು ನಿನ್ನೆ ಪತ್ರಕರ್ತರನ್ನು ಕರೆದು ಕಾಗದಗಳನ್ನು ಹಂಚಿದ್ದಾರೆ. ಕಚೇರಿಯಿಂದ ಹೇಗೆ ಹೊರಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಮೊದಲ ಪುಟದಲ್ಲಿ ನನ್ನ ಬಿಲ್ಲಿನ ಚಿತ್ರ. ನನ್ನ ಅಕ್ಷರ, ನನ್ನ ರುಜು, ನನ್ನ ಅಂಗಡಿಯ ಮೊಹರು. ಮೇಲೆ ದಪ್ಪ ಅಕ್ಷರದಲ್ಲಿ "ಕಾರ್ಯಕರ್ತರ ಚಂದಾ, ನಾಯಕರ ಮಡದಿಯ ಬೋಳಿಗೆ." ಬಲಗಿವಿಯ ಹಿಂದೆ ಎಂಬ ಸಾಲಿಗೆ ಹಳದಿ ಬಣ್ಣ ಹಚ್ಚಿದ್ದಾರೆ. "ಕಿತ್ತ ಕೂದಲು" ಎಂಬುದಕ್ಕೂ. ಯಾಕೆ ಕಿತ್ತರು, ಯಾರು ಕಿತ್ತರು ಎಂದು ಕೆಳಗೆ ಒಬ್ಬ ಡಾಕ್ಟರು ಅರ್ಧ ಪುಟ ವಿವರಿಸಿದ್ದಾರೆ.

ಟೈಲರಮ್ಮ ಇಪ್ಪತ್ತು ವರ್ಷದಿಂದ ಜಡೆಯ ಗಂಡನ ಪಕ್ಷದ ಸದಸ್ಯೆ. ಗುಂಡಿ ಹೊಲಿದ ದುಡ್ಡಿನಲ್ಲಿ ತಿಂಗಳು ತಪ್ಪದೆ ಚಂದಾ ಕಟ್ಟಿದವಳು. "ನಾನು ಕಟ್ಟಿದ್ದು ಶಾಲೆ ಆಗುತ್ತೆ, ಆಸ್ಪತ್ರೆ ಆಗುತ್ತೆ ಅಂತ. ಅವ್ರ ಉಗುರಿಗೆ ಬಣ್ಣ ಆಯ್ತಾ?" ಅಂದಳು. ಕೂಗಲಿಲ್ಲ, ಕೇಳಿದಳು ಅಷ್ಟೇ. ಅವಳ ಹಿಂದೆಯೇ ಹೊಸ ಕುರ್ಚಿ ಹೊಳೆಯುತ್ತಾ ನಿಂತಿತ್ತು.

ಜಡೆಗೆ ಫೋನು ಮಾಡಿದೆ. ಎತ್ತಲಿಲ್ಲ. ಹನ್ನೊಂದು ಸಲ ಮಾಡಿದೆ.

ಏಪ್ರಿಲ್ 3, ಗುರುವಾರ

ಎತ್ತಲಿಲ್ಲ.

ಏಪ್ರಿಲ್ 5, ಶನಿವಾರ

ಮೊದಲು ಫೈಲನ್ನು ಬೈದೆ, ವಿವರ ಕೇಳಿದ್ದಕ್ಕೆ. ಆಮೇಲೆ ಕಾಗದ ಕದ್ದವನನ್ನು, ಹಂಚಿದವರನ್ನು, ಅಚ್ಚು ಹಾಕಿದವರನ್ನು. ಮಾರುಕಟ್ಟೆಯ ಗೋಡೆಯ ಮೇಲೆ ಅವಳ ಪೋಸ್ಟರಿಗೆ ಯಾರೋ ಬಲಗಿವಿಯ ಹತ್ತಿರ ಸುಣ್ಣ ಬಳಿದಿದ್ದಾರೆ. ಅವರನ್ನೂ ಬೈದೆ. ಬೈಯಲು ಇನ್ನು ಯಾರೂ ಉಳಿಯದಿದ್ದಾಗ ತಲೆ ಮೇಲೆ ಕೈಹೊತ್ತು ಕೂತೆ. ಬರೆದವಳು ನಾನು. ಅವರು ನನ್ನನ್ನು ಅನುಮಾನಿಸಿದರು ಎಂಬ ಒಂದೇ ಸಿಟ್ಟಿಗೆ ಬರೆದೆ. ನನ್ನ ಹೆಸರು ತೊಳೆದುಕೊಳ್ಳಲು ಅವಳ ತಲೆ ಬಳಸಿದೆ. "ತಲೆ ಕೆಲಸ" ಎಂದು ಬರೆದು, ದುಡ್ಡು ಕಡಿಮೆ ತೆಗೆದುಕೊಂಡಿದ್ದರೆ ನನ್ನ ಗಂಟು ಏನು ಹೋಗುತ್ತಿತ್ತು? ಸತ್ಯವಂತೆ ಅನ್ನಿಸಿಕೊಳ್ಳುವ ಚಪಲ, ಅಷ್ಟೇ. ಮಾಡಿದ್ದುಣ್ಣೋ ಮಹರಾಯ.

ಸಂಜೆ ಫೈಲು ಬಂದರು. ಒಂದೇ ಕಾಗದ, ಟೈಪು ಮಾಡಿದ್ದು. ನಾನು ರುಜು ಹಾಕಬೇಕಂತೆ. "ಬಿಲ್ಲಿನಲ್ಲಿ ಹೇಳಿರುವ ಬೋಳು ಜಾಗ ಇಲ್ಲವೇ ಇಲ್ಲ. ಆ ಕೆಲಸವನ್ನು ನಾನು ಮಾಡಿಲ್ಲ. ಹಣದ ಆಸೆಯಿಂದ ಸುಳ್ಳು ಲೆಕ್ಕ ಬರೆದು ಪಕ್ಷಕ್ಕೂ ಮೇಡಂ ಅವರಿಗೂ ವಂಚಿಸಿದ್ದೇನೆ. ಪಡೆದದ್ದನ್ನು ಹಿಂದಿರುಗಿಸುತ್ತೇನೆ."

"ಸಾರ್, ಇದು ಸುಳ್ಳು."

"ನಂಗೊತ್ತಕ್ಕಾ," ಅಂದರು. ಮೊದಲ ಸಲ ಫೈಲನ್ನು ಕೆಳಗಿಟ್ಟರು. "ನಿಮ್ಮ ಮೇಲೆ ಕೇಸು ಹಾಕಲ್ಲ. ಎರಡು ದಿನ ಟೀವೀಲಿ ಬರುತ್ತೆ, ಆಮೇಲೆ ಜನ ಮರೀತಾರೆ."

"ನನ್ ಗಿರಾಕಿಗಳು ಮರೀತಾರಾ?"

ಅವರು ಫೈಲನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡರು. ಕಾಗದ ಬಿಟ್ಟು ಹೋದರು. ನಾನು ರುಜು ಹಾಕುವುದಿಲ್ಲ. ಪ್ರಾಣ ಹೋದರೂ ಹಾಕುವುದಿಲ್ಲ.

ಏಪ್ರಿಲ್ 7, ಸೋಮವಾರ

ಅವಳು ಬಂದಿದ್ದಳು.

ಮಧ್ಯಾಹ್ನ, ಹಿತ್ತಲ ಬಾಗಿಲಿನಿಂದ. ತಲೆಗೆ ಬಟ್ಟೆ ಸುತ್ತಿಕೊಂಡು, ಯಾರದೋ ಸ್ಕೂಟರಿನ ಹಿಂದೆ ಕೂತು. ಬಿಸ್ಕತ್ತು ತಂದಿದ್ದಳು. ಆ ಪೊಟ್ಟಣ ನೋಡಿ ನನಗೆ ದುಃಖ ತಡೆಯಲಾಗಲಿಲ್ಲ. ಕಾಲು ಹಿಡಿಯಲು ಹೋದೆ, ತಡೆದಳು. ಹೊಸ ಕುರ್ಚಿ ಬಿಟ್ಟು ಮೂಲೆಗೆ ಸರಿಸಿದ್ದ ಹಳೆಯ ಕುರ್ಚಿಯಲ್ಲಿ ಕೂತಳು. ಅತ್ತೆ ಬಂದು ಅವಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು ಒಳಗೆ ಹೋದರು.

"ಬೈಯೇ," ಅಂದೆ. "ಎರಡೇಟು ಹೊಡಿ."

"ಬೈಯೋಕೆ ಬಂದಿಲ್ಲ ಕಣೇ. ನಾನೂ ಒಂದು ಮಾಡಿದೀನಿ."

ಪೇಪರು ಬಂದ ದಿನ ಬೆಳಿಗ್ಗೆ ಗಂಡ ಎದುರು ಬಂದು ನಿಂತು "ತೋರ್ಸು" ಎಂದನಂತೆ. "ಕೈ ಚಾಚಿದ್ರು ಕಣೇ, ಕೂದಲು ಸರಿಸೋಕೆ. ಇಪ್ಪತ್ತೇಳು ವರ್ಷದಲ್ಲಿ ಆ ಕೈಗೆ ನಾನು ಯಾವತ್ತೂ ಹೆದರಿರ್ಲಿಲ್ಲ. ಅವತ್ತು ಹಿಂದಕ್ಕೆ ಸರಿದು ಗೋಡೆಗೆ ಒರಗಿಬಿಟ್ಟೆ. ಅವಳು ಸುಳ್ಳು ಬರ್ದಿದಾಳೆ ಅಂದೆ. ದುಡ್ಡಿಗೆ ಬರ್ದಿದಾಳೆ ಅಂದೆ. ಬಾಯಿಂದ ಬಂದುಹೋಯ್ತು."

ಆಹಾ, ಹಾಗಾದರೆ ಆ ಟೈಪು ಮಾಡಿದ ಕಾಗದ ಅಲ್ಲಿ ಹುಟ್ಟಿದ್ದು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೋಡೆಗೆ ಒರಗಿದ ಅವಳೇ ಕಣ್ಣಮುಂದೆ ಬಂದಳು.

"ನಂಬಿದ್ರಾ?"

"ನಂಬಿದ್ರು. ಎಷ್ಟು ಸಮಾಧಾನವಾಯ್ತು ಅಂತೀಯಾ ಅವ್ರಿಗೆ! ಅದನ್ನ ನೋಡಿದ್ಮೇಲೆ ವಾಪಸ್ ತಗೊಳ್ಳೋಕಾಗ್ಲಿಲ್ಲ." ಅವಳ ಬಲಗೈ ಮೇಲೇಳುತ್ತಿತ್ತು. ನಾನು ಹಿಡಿದುಕೊಂಡೆ. ಶಾಲೆಯಲ್ಲಿ ಹೀಗೆಯೇ ಹಿಡಿದುಕೊಳ್ಳುತ್ತಿದ್ದೆ, ಆಗ ಕಾರಣ ಬೇರೆ, ಹೆಣೆಯಲು ಬಿಡದೆ ಕಾಡುತ್ತಿದ್ದಳು. "ಇವತ್ತು ಹೋಗಿ ನಿಜ ಹೇಳ್ಬಿಡ್ತೀನಿ ಬಾಚಣಿಗೆ. ಅದನ್ನ ಹೇಳೋಕೇ ಬಂದೆ. ನೀನು ರುಜು ಹಾಕ್ಬೇಡ."

ಹೇಳುತ್ತಾಳೆಯೇ? ಹೇಳಿದರೆ ನಾಳೆಯಿಂದ ಅವಳು ಊರಿಗೆಲ್ಲ ಹುಚ್ಚಿ, ಮನೆಯ ಊಟದ ಮೇಜಿನಲ್ಲೂ ಹುಚ್ಚಿ. ಹೇಳದಿದ್ದರೆ ನಾನು ಕಳ್ಳಿ. ಎರಡರಲ್ಲಿ ಯಾವುದು ಹಗುರ ಎಂದು ತೂಗಲು ನನಗೆ ತಕ್ಕಡಿ ಬೇಕಾಗಲಿಲ್ಲ.

ಅವಳ ತಲೆಯ ಬಟ್ಟೆ ಬಿಚ್ಚಿ, ಎಣ್ಣೆ ಹಚ್ಚಿ, ತುಂಡು ಕೂರಿಸಿದೆ. ಜಾಗ ಎಷ್ಟಾಗಿದೆ ಎಂದು ಬರೆಯುವ ಮನಸ್ಸಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಇಬ್ಬರೂ ಬಿಸ್ಕತ್ತು ತಿಂದೆವು. ಮೇಷ್ಟ್ರ ವಿಷಯ ಮಾತಾಡಿದೆವು, ನಕ್ಕೆವು ಕೂಡ. ಅವಳು ಹೊರಡುವಾಗ, "ನೀನೇನೂ ಹೇಳ್ಬೇಡ. ಸುಮ್ನಿರು," ಅಂದೆ. ಅವಳಿಗೆ ಅರ್ಥವಾಯಿತು. ಬೇಡ ಎಂದು ಒಂದು ಸಲ ತಲೆ ಅಲ್ಲಾಡಿಸಿದಳು. ಎರಡನೆಯ ಸಲ ಅಲ್ಲಾಡಿಸಲಿಲ್ಲ.

ಏಪ್ರಿಲ್ 8, ಮಂಗಳವಾರ

ರುಜು ಹಾಕಿ ಕೊಟ್ಟೆ. ಹಾಕುವ ಮುಂಚೆ ಅತ್ತೆ, "ಮೊದ್ಲು ಊಟ ಮಾಡು" ಅಂದರು. ಊಟ ಮಾಡಿ ಹಾಕಿದೆ.

ಏಪ್ರಿಲ್ 10, ಗುರುವಾರ

ಟೀವಿಯಲ್ಲಿ ಬಂದಳು. ಗಂಡ ಪಕ್ಕದಲ್ಲಿ, ಮುಂದೆ ಮೈಕುಗಳು. ಮುಖಕ್ಕೆ ಯಾರೋ ಹೊಸಬರು ಬಣ್ಣ ಹಚ್ಚಿದ್ದಾರೆ, ಅವಳ ಮೈಬಣ್ಣಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಬಿಳಿ. "ಚಿಕ್ಕಂದಿನಿಂದ ಗೊತ್ತಿದ್ದವರು ಅಂತ ನಂಬಿದ್ದೆ" ಅಂದಳು. ಅಷ್ಟು ಹೇಳಿ ನಿಂತಳು. ಪತ್ರಕರ್ತರು ಮತ್ತೆ ಕೇಳಿದಾಗ, "ಮೋಸ ಹೋದೆ" ಅಂದಳು. ಗಂಡ ಅವಳ ಹೆಗಲ ಮೇಲೆ ಕೈ ಹಾಕಿದ. ಚಪ್ಪಾಳೆ ಬಿತ್ತು.

ಚೆನ್ನಾಗಿ ಹೇಳಿದಳು. ಹಾಗೆಯೇ ಹೇಳಬೇಕಿತ್ತು, ನಾನೇ ಬಯಸಿದ್ದೂ ಅದೇ. ಅತ್ತೆ ಟೀವಿ ಆರಿಸಿದರು.

ಏಪ್ರಿಲ್ 19, ಶನಿವಾರ

ಶನಿವಾರ ಅಂದರೆ ಒಂದು ಕಾಲದಲ್ಲಿ ಬಾಗಿಲ ಹೊರಗೂ ಕಾಯುತ್ತಿದ್ದರು. ಇವತ್ತು ಇಬ್ಬರು. ಒಬ್ಬಳು ಕೆಲಸ ಮುಗಿಯುವವರೆಗೂ ತನ್ನ ಕೈಚೀಲವನ್ನು ಮಡಿಲಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹೊಸ ಕುರ್ಚಿ ಮಾರಿದೆ. ಪಕ್ಷದ ದುಡ್ಡು ಹಿಂದಿರುಗಿಸುವುದಕ್ಕೆ ಅದೂ ಸಾಲಲಿಲ್ಲ, ಡ್ರೈಯರೂ ಹೋಯಿತು.

ಅತ್ತೆ ಮಾರುಕಟ್ಟೆಯಿಂದ ಚೀಲದ ಹಿಡಿ ಹರಿದುಕೊಂಡು ಬಂದರು. ಯಾರೋ "ಕಳ್ಳಿ ಅತ್ತೆ" ಅಂದರಂತೆ, ಇವರು ಚೀಲದಿಂದಲೇ ಬಾರಿಸಿದರಂತೆ. ಎಪ್ಪತ್ತೈದು ವರ್ಷ ಅವರಿಗೆ. ಈ ಮನೆಗೆ ಕಾಲಿಟ್ಟ ದಿನದಿಂದ ನನ್ನನ್ನು ಒಂದು ದಿನವೂ ಹೊಗಳಿದವರಲ್ಲ. "ಅತ್ತೆ, ನೀವ್ಯಾಕೆ ಹೋಗಿ ಜಗಳ ಆಡಿದ್ರಿ?" ಅಂದರೆ, "ನೀನು ಕಳ್ಳಿಯಾಗಿದ್ರೆ ಇಷ್ಟು ವರ್ಷ ನಾನು ಈ ಹರಕು ಚೀಲ ಹಿಡ್ಕೊಂಡು ಓಡಾಡ್ತಿದ್ನಾ?" ಅಂದರು. ಹಿಡಿ ಹೊಲಿಸಲು ಟೈಲರಮ್ಮನ ಹತ್ತಿರ ಹೋದೆ. ಅವಳು ಹೊಲಿದುಕೊಟ್ಟು ದುಡ್ಡನ್ನು ಎರಡು ಸಲ ಎಣಿಸಿಕೊಂಡಳು. ಬಿಲ್ಲು ನಿಜವಾದರೂ ಸುಳ್ಳಾದರೂ ಅವಳ ಚಂದಾ ತಿಂದವಳು ನಾನೇ, ಏನು ಹೇಳಲಿ.

ಮೇ 4, ಭಾನುವಾರ

ಇಬ್ಬರು ಬಂದರು. ಒಬ್ಬರು ದಾರಿ ಕೇಳಲು.

ಮೇ 14, ಬುಧವಾರ

ಜಡೆಯ ಗಂಡ ಕಳೆದ ವಾರವೇ ಗೆದ್ದ. ಬೀದಿಯಲ್ಲಿ ಪಟಾಕಿ, ಕೂಗು. ಪ್ರಮಾಣವಚನ ಇವತ್ತು ಟೀವಿಯಲ್ಲಿ ಬಂತು, ನಾನು ಅವಳ ತಲೆಯನ್ನೇ ನೋಡುತ್ತಿದ್ದೆ, ಕಸುಬಿನವಳ ಕಣ್ಣು. ಅವಳು ಯಾರಿಗೋ ನಮಸ್ಕರಿಸಲು ಬಗ್ಗಿದಾಗ ಹಿಂಬದಿ ಕಾಣಿಸಿತು. ತುಂಡು ಒಂದು ಬೆರಳಿನಷ್ಟು ಕೆಳಗೆ ಕೂತಿದೆ. ಕ್ಲಿಪ್ಪು ಹೊರಗಿನಿಂದ ಒಳಕ್ಕೆ ಹೋಗಿದೆ. ಇನ್ನೊಬ್ಬರು ಹಾಕಿದರೆ ಹಾಗೆ ಬರುವುದಿಲ್ಲ. ಹಿಂದೆ ನಿಂತವರ ಕೈ ಒಳಗಿನಿಂದ ಹೊರಕ್ಕೆ ಹೋಗುತ್ತದೆ.

ಅದು ಅವಳೇ ಹಾಕಿಕೊಂಡದ್ದು.

ಆಗ ಹೊಳೆಯಿತು ನನಗೆ. ಬೋಳು ಜಾಗ ಇಲ್ಲವೇ ಇಲ್ಲ ಎಂದು ನಾನೇ ರುಜು ಹಾಕಿ ಕೊಟ್ಟಿದ್ದೇನೆ. ಇಲ್ಲದ ಜಾಗವನ್ನು ಅವಳು ಇನ್ನು ಯಾರಿಗೆ ತೋರಿಸುತ್ತಾಳೆ? ಗಂಡನಿಗೆ ತೋರಿಸುವ ಹಾಗಿಲ್ಲ, ಹೊಸ ಪಾರ್ಲರಿನವಳಿಗೆ ತೋರಿಸುವ ಹಾಗಿಲ್ಲ, ಬೇರೆ ಊರಿಗೆ ಹೋದರೂ ಈಗ ಎಲ್ಲರೂ ಗುರುತು ಹಿಡಿಯುತ್ತಾರೆ. ನೋಡಿದವಳು ನಾನೊಬ್ಬಳಿದ್ದೆ. ನನ್ನನ್ನೂ ಅವಳಿಂದ ಕಿತ್ತು ಹಾಕಿದೆವು, ನಾವಿಬ್ಬರೂ ಸೇರಿಯೇ. ಕಾಪಾಡಿದೆ ಎಂದುಕೊಂಡಿದ್ದೆ. ಕೋಣೆಯೊಳಗೆ ಹಾಕಿ ಹೊರಗಿನಿಂದ ಚಿಲಕ ಹಾಕಿ ಬಂದಿದ್ದೇನೆ.

ಮೇ 15, ಗುರುವಾರ

ಅವಳ ಮನೆಯ ಗೇಟಿನವರೆಗೆ ಹೋಗಿದ್ದೆ. ಕಾವಲಿನವನು ಮೊದಲೆಲ್ಲ ನನಗೆ ಸಲಾಮು ಹೊಡೆಯುತ್ತಿದ್ದವನೇ. "ಅಕ್ಕಾ, ದಯವಿಟ್ಟು ಹೋಗಿ. ನಿಮ್ಮನ್ನ ಬಿಡಬಾರ್ದು ಅಂತ ಬರ್ದಿಟ್ಟಿದಾರೆ," ಅಂದ. ನಡೆದೇ ಮನೆಗೆ ಬಂದೆ. ದಾರಿಯುದ್ದಕ್ಕೂ ಅಳುತ್ತಿದ್ದೆ. ಯಾರು ನೋಡಿದರೂ ನೋಡಲಿ ಎನ್ನಿಸಿತು.

ಮೇ 26, ಸೋಮವಾರ

ಮಧ್ಯಾಹ್ನ ಫೋನು ಬಂತು. ಗೊತ್ತಿಲ್ಲದ ನಂಬರು. ಎತ್ತಿದರೆ ನಲ್ಲಿಯಲ್ಲಿ ನೀರು ಬೀಳುವ ಸದ್ದು ಮಾತ್ರ. ಇಡಬೇಕೆನ್ನುವಷ್ಟರಲ್ಲಿ,

"ಹಿಂದ್ಗಡೆ ಕೈ ಎಟಕ್ತಿಲ್ಲ ಕಣೇ," ಅಂದಳು.

ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು ಮಾತಾಡುತ್ತಿದ್ದಾಳೆ. ಹೊಸಬಳಿಗೆ ಮುಖ ಮಾತ್ರ ಮಾಡು, ತಲೆ ಮುಟ್ಟಬೇಡ ಎಂದಿದ್ದಾಳಂತೆ. ಸಂಜೆ ಯಾವುದೋ ದೇಶದ ಅತಿಥಿಗಳು ಬರುತ್ತಾರೆ. ಜಾಗ ಈಗ ಎಲ್ಲಿಯವರೆಗೆ ಬಂದಿದೆ ಎಂದು ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

"ಅಳೋದು ಆಮೇಲೆ. ಮೊದ್ಲು ಫೋನು ಕೆಳಗಿಡು, ಸ್ಪೀಕರ್ ಹಾಕ್ಕೋ," ಅಂದೆ. "ದೊಡ್ಡ ಕನ್ನಡಿಗೆ ಬೆನ್ನು ಕೊಟ್ಟು ನಿಂತ್ಕೋ. ಚಿಕ್ಕ ಕನ್ನಡಿ ಎಲ್ಲಿದೆ?"

"ಇಲ್ಲೇ ಇದೆ."

"ಎಡಗೈಲಿ ಹಿಡ್ಕೋ. ತುಂಡನ್ನ ಮೊದ್ಲೇ ಕೂರಿಸ್ಬೇಡ. ಕಿವಿ ಮೇಲಿನ ಕೂದಲನ್ನ ಎತ್ತಿ ಕಟ್ಟು. ಕಟ್ಟಿದ್ಯಾ? ಈಗ ತುಂಡಿನ ಅಂಚು ಬೆರಳಿಗೆ ಸಿಗುತ್ತಲ್ಲ, ಅದನ್ನ ಕೆಳಗಿಂದ ಮೇಲಕ್ಕೆ ತಗೊಂಡು ಹೋಗು. ಮೇಲಿಂದ ಕೆಳಕ್ಕಲ್ಲ, ನೀನು ಅದೇ ತಪ್ಪು ಮಾಡ್ತಿರೋದು. ಟೀವೀಲಿ ನೋಡ್ದೆ."

"ನೋಡಿದ್ಯಾ?"

"ನಂಗೆ ಮಾತ್ರ ಗೊತ್ತಾಗೋದು. ಬೇರೆ ಯಾರಿಗೂ ಇಲ್ಲ. ಹ್ಞೂಂ, ಮೊದಲ್ನೇ ಕ್ಲಿಪ್ಪು."

ನಾನು ಇಲ್ಲಿ ಕನ್ನಡಿಯ ಮುಂದೆ, ಖಾಲಿ ಹಳೆಯ ಕುರ್ಚಿಯ ಹಿಂದೆ ನಿಂತಿದ್ದೆ. ನನ್ನ ಕೈಗಳು ಗಾಳಿಯಲ್ಲೇ ಕ್ಲಿಪ್ಪು ಒತ್ತುತ್ತಿದ್ದವು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಸದ್ದಿಲ್ಲದೆ ಹೋಗಿ ಅಂಗಡಿಯ ಮುಂಬಾಗಿಲಿನ ಚಿಲಕ ಹಾಕಿ ಬಂದರು.

ಎರಡನೆಯದು ಹಾಕಲು ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಕೂತಿತು.

"ಬಾಚಣಿಗೆ, ನಾನು ಫೋನ್ ಮಾಡಿದ್ದು ಯಾರಿಗೂ ಹೇಳ್ಬೇಡ."

"ಹೇಳಿದ್ರೆ ತಾನೆ ಯಾರು ನಂಬ್ತಾರೆ, ಜಡೆ?"

ತಮಾಷೆಗೇ ಅಂದದ್ದು. ನಗುತ್ತಾಳೆ ಎಂದುಕೊಂಡಿದ್ದೆ. ಆ ಕಡೆಯಿಂದ ನಲ್ಲಿಯ ನೀರು, ಅದರೊಳಗೆ ಅವಳ ಅಳು, ಬಾಯಿಗೆ ಟವೆಲು ಒತ್ತಿಕೊಂಡ ಅಳು. ನಾನು ಕಾದೆ. ಆಮೇಲೆ, "ಅಲುಗಾಡ್ಬೇಡ ಕಣೇ, ಹಾಕಿದ್ದೂ ಬಿದ್ದುಹೋಗುತ್ತೆ. ಕನ್ನಡಿ ಎತ್ಕೋ," ಅಂದೆ.

ಇನ್ನೊಂದು ಕ್ಲಿಪ್ಪು ಬಾಕಿ ಇತ್ತು.